ಕೆಲಸಕ್ಕೆ ಜನ ಬೇಕಾಗಿದ್ದಾರೆ: ಬೋರ್ಡಿನಲ್ಲಿ ಜಾತಿ, ಮತ ಬರೆಯಬಹುದೇ?

ಮಂಗಳಗಿರಿಯಲ್ಲಿ ಹೋಟೆಲು ಇಟ್ಟಿರುವ ನಮ್ಮ ಸದಸ್ಯರೊಬ್ಬರಿಂದ ಒಂದು ಪ್ರಶ್ನೆ ಬಂದಿದೆ. ಅವರು ತಮ್ಮ ಹೋಟೆಲಿನ ಗಾಜಿನ ಬಾಗಿಲಿಗೆ ‘ಅಡಿಗೆಗೆ ಬ್ರಾಹ್ಮಣರು, ಸಪ್ಲೈಗೆ ಹಿಂದೂ ಹುಡುಗರು ಬೇಕಾಗಿದ್ದಾರೆ’ ಎಂದು ತೆಲುಗಿನಲ್ಲಿ ಬರೆಸಿ ಅಂಟಿಸಿದ್ದರಂತೆ. ದಿನವೂ ಕಾಫಿಗೆ ಬರುವ ವಕೀಲರೊಬ್ಬರು ಅದನ್ನು ಓದಿ, ಇವತ್ತೇ ತೆಗೆದುಬಿಡಿ ಎಂದರಂತೆ. ‘ಹೋಟೆಲು ನಮ್ಮದು, ಬಂಡವಾಳ ನಮ್ಮದು, ಸಂಬಳ ಕೊಡುವವರೂ ನಾವು. ಯಾರನ್ನು ಇಟ್ಟುಕೊಳ್ಳಬೇಕೆಂಬುದು ನಮ್ಮ ಇಷ್ಟವಲ್ಲವೇ?’ ಎಂಬುದು ಅವರ ಪ್ರಶ್ನೆ. ಇಂಥ ಚೀಟಿಗಳು ಮಂಗಳಗಿರಿಗೆ ಮಾತ್ರ ಸೀಮಿತವಲ್ಲ. ಬರೆಯದಿದ್ದರೂ ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ಆದ್ದರಿಂದ ಉತ್ತರವನ್ನು ಎಲ್ಲ ಸದಸ್ಯ ಬಾಂಧವರಿಗೂ ತಿಳಿಸುವುದು ಒಳ್ಳೆಯದೆಂದು ಈ ಲೇಖನ.

ಚಿಕ್ಕದಾಗಿ ಹೇಳುವುದಾದರೆ, ಯಾರನ್ನು ಇಟ್ಟುಕೊಳ್ಳಬೇಕೆಂಬುದು ಬಹುಮಟ್ಟಿಗೆ ಮಾಲೀಕರ ಇಷ್ಟವೇ. ಆದರೆ ಯಾರನ್ನು ಯಾವ ಕಾರಣಕ್ಕೆ ಬೇಡವೆನ್ನುತ್ತೇವೆ ಎಂಬುದು ಪೂರ್ತಿ ನಮ್ಮ ಇಷ್ಟವಲ್ಲ. ಜಾತಿಯ ವಿಷಯದಲ್ಲಿ ಅದು ಜೈಲಿನ ತನಕ ಹೋಗುವ ಸಂಗತಿ. ಮತದ ವಿಷಯದಲ್ಲಿ ಕಾನೂನು ಅಷ್ಟು ನೇರವಾಗಿಲ್ಲ, ಹಾಗೆಂದು ಏನೂ ಇಲ್ಲವೆಂದೂ ಅಲ್ಲ. ಇವೆರಡನ್ನೂ ಬೇರೆ ಬೇರೆ ಮಾಡಿ ತಿಳಿದುಕೊಳ್ಳಬೇಕು.

ಗ್ರಾಹಕರ ವಿಚಾರದಲ್ಲಿ ಗೊಂದಲವೇ ಇಲ್ಲ. ಸಂವಿಧಾನದ 15ನೇ ಅನುಚ್ಛೇದದ 2ನೇ ಖಂಡದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು ಎಂದು ನಮ್ಮ ಉದ್ಯಮದ ಹೆಸರನ್ನೇ ಹಿಡಿದು ಹೇಳಿದ್ದಾರೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಇವುಗಳ ಕಾರಣಕ್ಕೆ ಯಾರನ್ನೂ ಒಳಗೆ ಬರದಂತೆ ತಡೆಯುವ ಹಾಗಿಲ್ಲ. ಬೇರೆ ಎಷ್ಟೋ ಉದ್ಯಮಗಳಿಗೆ ಸಂವಿಧಾನದಲ್ಲಿ ಈ ‘ಗೌರವ’ ಸಿಕ್ಕಿಲ್ಲ, ನಮಗೆ ಸಿಕ್ಕಿದೆ! ಅದಕ್ಕೆ ಕಾರಣವೂ ಇದೆ. ಒಳಗಡೆ ಬ್ರಾಹ್ಮಣರಿಗೆ ಬೇರೆ ಕೋಣೆ, ಹೊರಗಡೆ ಉಳಿದವರಿಗೆ ಬೆಂಚು, ದಲಿತರಿಗೆ ಬೀದಿಯಲ್ಲೇ ಬೇರೆ ಲೋಟ, ಕೆಲವೆಡೆ ತೆಂಗಿನ ಗೆರಟೆ. ಈ ಕಾಲವನ್ನು ಕಂಡವರ ಬಾಯಿಂದ ಕೇಳಿದವರು ನಮ್ಮ ಹಿರಿಯ ಸದಸ್ಯರಲ್ಲಿ ಇನ್ನೂ ಇದ್ದಾರೆ. ಉಡುಪಿ ಸೇರಿದ್ದ ದಕ್ಷಿಣ ಕನ್ನಡ, ಮಂಗಳಗಿರಿ ಇರುವ ಗುಂಟೂರು ಜಿಲ್ಲೆ ಎರಡೂ ಆಗ ಮದರಾಸು ಪ್ರಾಂತ್ಯದಲ್ಲೇ ಇದ್ದವು. ಆ ಪ್ರಾಂತ್ಯದಲ್ಲಿ 1938ರಷ್ಟು ಹಿಂದೆಯೇ ನಾಗರಿಕ ಅಡ್ಡಿಗಳ ನಿವಾರಣಾ ಕಾಯ್ದೆ ಬಂದಿತ್ತು. 1957ರಲ್ಲಿ ಮದರಾಸಿನ ಹೋಟೆಲು ಬೋರ್ಡುಗಳಿಂದ ‘ಬ್ರಾಹ್ಮಣ’ ಎಂಬ ಪದ ಅಳಿಸಬೇಕೆಂದು ಪೆರಿಯಾರ್ ಚಳವಳಿಯನ್ನೇ ಹೂಡಿದರು. ಬೋರ್ಡಿನಲ್ಲಿ ಆ ಹೆಸರು ಇರುವುದೇ ಅಪರಾಧವೆಂದು ಇಂದಿನ ಯಾವ ಕಾಯ್ದೆಯೂ ಹೇಳುವುದಿಲ್ಲ. ಹೆಸರು ಬೇರೆ, ಕೆಲಸಕ್ಕೆ ಹಾಕುವ ಷರತ್ತು ಬೇರೆ.

ಬಾಗಿಲಿನಿಂದ ಅಡಿಗೆಮನೆಗೆ

ಸಂವಿಧಾನದ 16ನೇ ಅನುಚ್ಛೇದ ಉದ್ಯೋಗದಲ್ಲಿ ಸಮಾನ ಅವಕಾಶದ ಮಾತಾಡುತ್ತದೆ. ಆದರೆ ಅದು ಸರ್ಕಾರಿ ನೌಕರಿಗೆ ಮಾತ್ರ. ಹೋಟೆಲು ಮಾಲೀಕರು ಸರ್ಕಾರವಲ್ಲವಷ್ಟೆ. ಅದಕ್ಕೇ ನಮ್ಮಲ್ಲಿ ಅನೇಕರು ‘ಇದೆಲ್ಲ ನಮಗೆ ಸಂಬಂಧವಿಲ್ಲ’ ಎಂದು ತಿಳಿದಿದ್ದಾರೆ. ಮುಂದಿನ ಪುಟ ತಿರುವಿದರೆ 17ನೇ ಅನುಚ್ಛೇದವಿದೆ. ಅಸ್ಪೃಶ್ಯತೆಯನ್ನು ರದ್ದುಮಾಡಿದೆ, ಅದರ ಯಾವುದೇ ರೂಪದ ಆಚರಣೆ ನಿಷಿದ್ಧ ಎನ್ನುತ್ತದೆ. ಇದು ಸರ್ಕಾರಕ್ಕೆ ಮಾತ್ರವಲ್ಲ, ಖಾಸಗಿಯವರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಈ 17ನೇ ಅನುಚ್ಛೇದವನ್ನು ಜಾರಿಗೆ ತರಲು 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು ಬದಲಾಯಿಸಿದರು. ಅದರ 4ನೇ ಕಲಂ ಅನ್ನು ಪ್ರತಿಯೊಬ್ಬ ಮಾಲೀಕರೂ ಒಮ್ಮೆ ಓದಿಕೊಳ್ಳಬೇಕು. ಹೋಟೆಲಿಗೆ ಪ್ರವೇಶ, ಹೋಟೆಲಿನಲ್ಲಿಟ್ಟಿರುವ ಪಾತ್ರೆ–ಲೋಟಗಳ ಬಳಕೆ ಇವು ಮೊದಲಿಂದಲೂ ಅದರಲ್ಲಿದ್ದವು. ವೃತ್ತಿ, ವ್ಯಾಪಾರ ನಡೆಸುವ ಹಕ್ಕಿನ ಜೊತೆಗೆ ‘ಯಾವುದೇ ಕೆಲಸದಲ್ಲಿ ನೇಮಕ’ ಎಂಬ ಮಾತನ್ನು ಸೇರಿಸಿದ್ದು 1976ರ ತಿದ್ದುಪಡಿ. ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಕಾನೂನು ಅಂದು ಅಡಿಗೆಮನೆಯ ಒಳಗೆ ಬಂತು. ಗ್ರಾಹಕರಿಗೆ ಎಲ್ಲರಿಗೂ ಒಂದೇ ಲೋಟವಿಟ್ಟು, ರುಬ್ಬುವ ಕಲ್ಲಿನ ಹತ್ತಿರ ಮಾತ್ರ ಇಂಥ ಜಾತಿಯವರು ಬರಕೂಡದೆಂದರೆ ಅದೂ ಇದೇ ಕಲಂನ ವ್ಯಾಪ್ತಿಗೆ ಬೀಳುತ್ತದೆ.

ಶಿಕ್ಷೆ ಕನಿಷ್ಠ 1 ತಿಂಗಳು, ಗರಿಷ್ಠ 6 ತಿಂಗಳ ಸೆರೆವಾಸ, ಜೊತೆಗೆ 100ರಿಂದ 500 ರೂಪಾಯಿ ದಂಡ. ದಂಡದ ಮೊತ್ತ ನೋಡಿ ನಗುವವರಿದ್ದಾರೆ, ಒಂದು ಮೇಜಿನ ಬಿಲ್ಲಿಗಿಂತ ಕಡಿಮೆ ಎಂದು. ಆದರೆ ದಂಡ ಸೆರೆವಾಸದ ಬದಲಿಗಲ್ಲ, ಅದರ ಜೊತೆಗೆ ಎಂಬುದನ್ನು ಮರೆಯಬಾರದು. ಆಮೇಲೆ ಇಬ್ಬರೂ ಕೂತು ರಾಜಿ ಮಾಡಿಕೊಳ್ಳಲೂ ಈ ಕಾಯ್ದೆಯಲ್ಲಿ ಅವಕಾಶವಿಲ್ಲ. ಸರಕು ಮಾರಲು ಅಥವಾ ಸೇವೆ ಕೊಡಲು ನಿರಾಕರಿಸಿದ್ದಕ್ಕೆ 6ನೇ ಕಲಂ ಪ್ರಕಾರ ಶಿಕ್ಷೆಯಾದರೆ, ಆ ವ್ಯಾಪಾರದ ಲೈಸೆನ್ಸನ್ನೇ ರದ್ದುಮಾಡಲು ಅಥವಾ ಅಮಾನತಿನಲ್ಲಿಡಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ವಕೀಲರು ಆ ಚೀಟಿಯನ್ನು ತೆಗೆಯಿರಿ ಎಂದು ಅವಸರ ಮಾಡಿದ್ದೇಕೆಂಬುದು 12ನೇ ಕಲಂ ಓದಿದರೆ ತಿಳಿಯುತ್ತದೆ. ಸಾಮಾನ್ಯವಾಗಿ ಆರೋಪ ಮಾಡಿದವರು ಅದನ್ನು ರುಜುವಾತು ಮಾಡಬೇಕು. ಇಲ್ಲಿ ಹಾಗಲ್ಲ. ನಿರಾಕರಣೆಗೆ ಒಳಗಾದವರು ಪರಿಶಿಷ್ಟ ಜಾತಿಯವರಾಗಿದ್ದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಯಿತೆಂದು ನ್ಯಾಯಾಲಯ ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಹೊರೆ ಮಾಲೀಕರದು. ಕೆಲಸ ಕೇಳಿಕೊಂಡು ಬಂದ ಹುಡುಗನಿಗೆ ‘ಜಾಗ ಖಾಲಿಯಿಲ್ಲ’ ಎಂದು ಹೇಳಿ ಕಳಿಸಿರಬಹುದು. ಜಾಗ ನಿಜಕ್ಕೂ ಖಾಲಿಯಿರದೆ ಇರಬಹುದು. ಆದರೆ ಬಾಗಿಲ ಮೇಲೆ ಜಾತಿ ಬರೆದ ಚೀಟಿ ಇದ್ದರೆ, ಯಾವ ವಕೀಲರನ್ನು ಇಟ್ಟುಕೊಂಡು ಏನನ್ನು ರುಜುವಾತು ಮಾಡುವುದು? ನಮ್ಮ ವಿರುದ್ಧದ ಸಾಕ್ಷಿಯನ್ನು ನಾವೇ ಅಂಟಿಸಿಟ್ಟ ಹಾಗಾಯಿತು.

ಈ ಕಲಂ ಬರೀ ಪುಸ್ತಕದಲ್ಲಿದೆಯೆಂದು ತಿಳಿಯಬೇಡಿ. ಕರ್ನಾಟಕದಿಂದಲೇ ಹೋದ ಅಪ್ಪ ಬಾಳು ಇಂಗಳೆ ಪ್ರಕರಣದಲ್ಲಿ ಕೊಳವೆಬಾವಿಯಿಂದ ನೀರು ತೆಗೆಯದಂತೆ ದಲಿತರನ್ನು ತಡೆದವರಿಗೆ ಕೆಳ ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಡುಗಡೆ ಮಾಡಿತು, 1992ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಅಲ್ಲಿ ವಿಷಯ ನೀರು. ಹೋಟೆಲು, ಲೋಟ, ಕೆಲಸ ಎಲ್ಲವೂ ಇರುವುದು ಅದೇ 4ನೇ ಕಲಂನಲ್ಲಿ.

1989ರ ಕಾಯ್ದೆ

ಇದಕ್ಕಿಂತ ಗಟ್ಟಿಯಾದದ್ದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. ಗುಂಟೂರು ಸೀಮೆಯಲ್ಲಿ ಹೋಟೆಲು ಇಟ್ಟವರು ಇದನ್ನು ತಿಳಿಯದೆ ಇರುವುದು ಸರಿಯಲ್ಲ. 1991ರ ಆಗಸ್ಟ್ 6ರಂದು ಅದೇ ಜಿಲ್ಲೆಯ ಚುಂಡೂರಿನಲ್ಲಿ 8 ಮಂದಿ ದಲಿತರ ಕೊಲೆಯಾಯಿತು. ಸಿನಿಮಾ ಟಾಕೀಸಿನಲ್ಲಿ ನಡೆದ ಒಂದು ಸಣ್ಣ ಜಗಳದಿಂದ ಶುರುವಾಗಿ, ದಲಿತರಿಗೆ ಕೆಲಸ ಕೊಡಬಾರದೆಂಬ ಬಹಿಷ್ಕಾರ ನಡುವೆ ಬಂದು, ಕೊನೆಗೆ ಕೊಲೆಗೆ ಮುಟ್ಟಿದ ಪ್ರಕರಣ ಅದು. ಊರಿನಲ್ಲೇ ವಿಶೇಷ ನ್ಯಾಯಾಲಯ ಕೂತು 2007ರಲ್ಲಿ 21 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಡುಗಡೆ ಮಾಡಿತು. ತೀರ್ಪು ಏನೇ ಇರಲಿ, ಆ ಭಾಗದ ಕೂಲಿಕಾರರಿಗೆ, ಪೊಲೀಸರಿಗೆ, ವಕೀಲರಿಗೆ ಈ ಕಾಯ್ದೆ ಬಾಯಿಪಾಠ. ಪ್ರತಿ ತಿಂಗಳ 30ನೇ ತಾರೀಕು ಹಳ್ಳಿಗಳಲ್ಲಿ ಪೌರ ಹಕ್ಕುಗಳ ದಿನ ನಡೆಸುವ ಕ್ರಮ ಆಂಧ್ರದಲ್ಲಿದೆ. ತಿಳಿಯದೆ ಉಳಿದಿರುವವರು ಹೊರಗಿನಿಂದ ಹೋದ ನಾವೇ.

2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಇತರರಿಗೆ ತೆರೆದಿರುವ ಯಾವುದೇ ಕೆಲಸ, ವೃತ್ತಿ ಮಾಡದಂತೆ ತಡೆಯುವುದನ್ನೂ, ಆರ್ಥಿಕ ಬಹಿಷ್ಕಾರ ಹಾಕುವುದನ್ನೂ ದೌರ್ಜನ್ಯವೆಂದೇ ಪಟ್ಟಿ ಮಾಡಿದ್ದಾರೆ. ಶಿಕ್ಷೆ 6 ತಿಂಗಳಿನಿಂದ 5 ವರ್ಷ. ನಿರೀಕ್ಷಣಾ ಜಾಮೀನಿಗೆ ಕಾಯ್ದೆಯಲ್ಲೇ ತಡೆಯಿದೆ. ತನಿಖೆ ಮಾಡುವವರು ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ.

ಹೋಟೆಲಿನವರು ಹೆಚ್ಚಾಗಿ ಸಿಕ್ಕಿಬೀಳುವುದು ನೇಮಕಾತಿಯಲ್ಲಲ್ಲ, ಬಾಯಲ್ಲಿ. ಮಧ್ಯಾಹ್ನದ ಊಟದ ಹೊತ್ತು, ಹಾಲ್ ತುಂಬಿದೆ, ಎಲೆ ತೆಗೆಯುವುದು ತಡವಾಯಿತು. ಗಲ್ಲಾದಲ್ಲಿ ಕೂತವರ ಬಾಯಿಂದ ಕ್ಲೀನರ್ ಹುಡುಗನ ಜಾತಿ ಹಿಡಿದು ಒಂದು ಮಾತು ಹೊರಬಿತ್ತು. ‘ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ’ ಜಾತಿ ನಿಂದನೆ ಮಾಡಿದರೆ ಈ ಕಾಯ್ದೆ ಅನ್ವಯಿಸುತ್ತದೆ. ಕಟ್ಟಡದ ಒಳಗೇ ಆದರೂ ಹೊರಗಿನ ಜನ ಅಲ್ಲಿದ್ದರೆ ಅದು ಅಂಥ ಜಾಗವೇ ಎಂದು 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯ ನಡುವೆ ನಡೆದದ್ದು ಹಾಗಾಗುವುದಿಲ್ಲವೆಂದು 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿದೆ. ಹೋಟೆಲಿನ ಹಾಲ್ ಎಂದಾದರೂ ‘ಯಾರೂ ಇಲ್ಲದ ಜಾಗ’ ಆದೀತೇ? ಆದರೆ ಅಂಗಡಿ ಮುಚ್ಚುವ ಕಾಲ ಬಂತೆಂದೇ ಅರ್ಥ.

‘ಇಷ್ಟೆಲ್ಲ ರಗಳೆ ಏಕೆ, ಅವರನ್ನು ಇಟ್ಟುಕೊಳ್ಳುವುದೇ ಬೇಡ’ ಎಂದು ಕೆಲವು ಸದಸ್ಯರು ಸಭೆಗಳಲ್ಲಿ ಮೆಲ್ಲಗೆ ಹೇಳುವುದನ್ನು ನಾವು ಕೇಳಿದ್ದೇವೆ. ಹಾಗೆ ತೀರ್ಮಾನಿಸಿ ನಡೆದುಕೊಂಡರೆ, ತಪ್ಪಿಸಿಕೊಳ್ಳಲು ಹೊರಟ ಅಪರಾಧವನ್ನೇ ಮಾಡಿದಂತಾಗುತ್ತದೆ. ಕಳ್ಳತನ, ಕೆಲಸಕ್ಕೆ ಬಾರದಿರುವುದು, ಕುಡಿದು ಬರುವುದು, ಇವಕ್ಕಾಗಿ ಯಾವ ಜಾತಿಯವರ ಮೇಲಾದರೂ ಕ್ರಮ ತೆಗೆದುಕೊಳ್ಳುವುದನ್ನು ಈ ಕಾಯ್ದೆಗಳು ತಡೆಯುವುದಿಲ್ಲ. ಕಾರಣವನ್ನು ಆಗಲೇ ಬರೆದಿಟ್ಟಿರಬೇಕು, ನೋಟೀಸು ಕೊಟ್ಟಿರಬೇಕು, ಹಾಜರಿ ಪುಸ್ತಕ ಸರಿಯಿರಬೇಕು, ಅಷ್ಟೆ. ನಮ್ಮಲ್ಲಿ ಬಹಳ ಹೋಟೆಲುಗಳಲ್ಲಿ ಇಲ್ಲದಿರುವುದು ಈ ಮೂರೇ.

ಮತದ ಪ್ರಶ್ನೆ

ಈಗ ಆ ಚೀಟಿಯ ಎರಡನೇ ಅರ್ಧಕ್ಕೆ ಬರೋಣ. ಸಪ್ಲೈಗೆ ಬಂದ ಹುಡುಗ ಮುಸ್ಲಿಂ ಅಥವಾ ಕ್ರೈಸ್ತ ಎಂಬ ಒಂದೇ ಕಾರಣಕ್ಕೆ ಬೇಡವೆಂದರೆ ಏನು? ಖಾಸಗಿ ಕೆಲಸದಲ್ಲಿ ಮತದ ಕಾರಣಕ್ಕೆ ತಾರತಮ್ಯ ಮಾಡುವುದನ್ನು ನೇರವಾಗಿ ನಿಷೇಧಿಸುವ ಕೇಂದ್ರ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಅಂಗವಿಕಲರಿಗೆ 2016ರಲ್ಲಿ, ಎಚ್‌ಐವಿ ಇರುವವರಿಗೆ 2017ರಲ್ಲಿ, ತೃತೀಯ ಲಿಂಗಿಗಳಿಗೆ 2019ರಲ್ಲಿ ಪ್ರತ್ಯೇಕ ಕಾಯ್ದೆಗಳು ಬಂದವು. ಗಂಡು–ಹೆಣ್ಣೆಂದು ಸಂಬಳದಲ್ಲೂ ನೇಮಕದಲ್ಲೂ ಭೇದ ಮಾಡಬಾರದೆಂಬುದು 1976ರಿಂದ ಇತ್ತು, 2025ರ ನವೆಂಬರಿನಿಂದ ವೇತನ ಸಂಹಿತೆಯಲ್ಲಿ ಸೇರಿದೆ. ಮತದ ಕುರಿತು ಹಾಗೆ ಆಗಲಿಲ್ಲ. ಉದ್ಯೋಗದಲ್ಲಿ ಜನಾಂಗ, ಧರ್ಮಗಳ ಭೇದ ಕೂಡದೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 111ನೇ ಒಪ್ಪಂದಕ್ಕೆ ಭಾರತ 1960ರಲ್ಲೇ ಒಪ್ಪಿಗೆ ಕೊಟ್ಟಿದೆ. ಸಾಚಾರ್ ಸಮಿತಿ 2006ರಲ್ಲಿ ಸಮಾನ ಅವಕಾಶ ಆಯೋಗ ಬೇಕೆಂದಿತು, ಮಾಧವ ಮೆನನ್ ಅವರ ತಜ್ಞರ ಗುಂಪು 2008ರಲ್ಲಿ ಅದರ ರೂಪರೇಷೆ ಕೊಟ್ಟಿತು. ಅದು ಕಾಯ್ದೆಯಾಗಿ ಬರಲಿಲ್ಲ. ಇದು ದೊಡ್ಡ ಕೊರತೆಯೆಂದೇ ನಮ್ಮ ಅಭಿಪ್ರಾಯ. ಬಾಗಿಲಿಗೆ ಬಂದ ಗ್ರಾಹಕರಿಗೆ ಸಂವಿಧಾನ ಕೊಟ್ಟ ರಕ್ಷಣೆ ಆ ಗ್ರಾಹಕರಿಗೆ ಕಾಫಿ ತಂದುಕೊಡುವ ಹುಡುಗನಿಗೂ ಇರಬೇಕಾಗಿತ್ತು.

ಹಾಗಾದರೆ ಮಾಲೀಕರು ನಿಶ್ಚಿಂತರೇ? ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ಬೇರೆ ಲೆಕ್ಕ. ಆಂಧ್ರ ಪ್ರದೇಶದ 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ 47ನೇ ಕಲಂ ಪ್ರಕಾರ 6 ತಿಂಗಳು ಸತತ ಕೆಲಸ ಮಾಡಿದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ಲಿಖಿತ ನೋಟೀಸು ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ. ಕರ್ನಾಟಕದ 1961ರ ಕಾಯ್ದೆಯಲ್ಲೂ 39ನೇ ಕಲಂ ಹೀಗೇ ಇದೆ. ‘ಇವನು ಇಂಥ ಮತದವನೆಂದು ಆಮೇಲೆ ಗೊತ್ತಾಯಿತು’ ಎಂಬುದನ್ನು ಸಮಂಜಸ ಕಾರಣವೆಂದು ಒಪ್ಪಿಸುವುದು ಕಷ್ಟ. ಇನ್ನು ಕಾರ್ಮಿಕನ ಧಾರ್ಮಿಕ ಭಾವನೆಯನ್ನು ನೋಯಿಸಬೇಕೆಂದೇ ಆಡುವ ಮಾತು ಭಾರತೀಯ ನ್ಯಾಯ ಸಂಹಿತೆಯ 302ನೇ ಕಲಂ ಪ್ರಕಾರ ಅಪರಾಧ, ಹಳೆಯ ದಂಡ ಸಂಹಿತೆಯಲ್ಲಿ ಅದು 298 ಆಗಿತ್ತು.

ಕೃಷ್ಣಾ–ಗುಂಟೂರು ಸೀಮೆಯಲ್ಲಿ ಜಾತಿ, ಮತ ಎರಡೂ ಹೆಣೆದುಕೊಂಡಿರುವ ಇನ್ನೊಂದು ತೊಡಕಿದೆ. ಅಲ್ಲಿನ ಎಷ್ಟೋ ದಲಿತ ಕುಟುಂಬಗಳು ತಲೆಮಾರುಗಳಿಂದ ಚರ್ಚಿಗೆ ಹೋಗುತ್ತವೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರನ್ನು ಪರಿಶಿಷ್ಟ ಜಾತಿಯೆಂದು ಲೆಕ್ಕ ಹಿಡಿಯುವುದಿಲ್ಲ. ಹಳೆಯ ಗುಂಟೂರು ಜಿಲ್ಲೆಯದೇ ಭಾಗವಾಗಿದ್ದ ಬಾಪಟ್ಲ ಕಡೆಯ ಪಾದ್ರಿಯೊಬ್ಬರು ಜಾತಿ ನಿಂದನೆಯ ದೂರು ಕೊಟ್ಟಾಗ, ಕ್ರೈಸ್ತ ಮತಕ್ಕೆ ಸೇರಿ ಅದನ್ನೇ ಆಚರಿಸುವವರಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯಿಲ್ಲವೆಂದು ಆಂಧ್ರ ಪ್ರದೇಶ ಹೈಕೋರ್ಟು 2025ರಲ್ಲಿ ಮೊಕದ್ದಮೆಯನ್ನು ರದ್ದುಪಡಿಸಿತು. ಇದನ್ನು ಪತ್ರಿಕೆಯಲ್ಲಿ ಓದಿ ‘ಹಾಗಾದರೆ ಕ್ರೈಸ್ತರಾದ ದಲಿತರಿಗೆ ಏನು ಬೇಕಾದರೂ ಅನ್ನಬಹುದು’ ಎಂದುಕೊಂಡರೆ ಅದು ಅವಿವೇಕ. 1955ರ ಕಾಯ್ದೆಯ 4ನೇ ಕಲಂ ‘ಯಾವುದೇ ವ್ಯಕ್ತಿ’ ಎನ್ನುತ್ತದೆ. 12ನೇ ಕಲಂನ ಭಾವನೆ ಮಾತ್ರ ಪರಿಶಿಷ್ಟ ಜಾತಿಗೆ ಸೀಮಿತ. ಅಲ್ಲದೆ ಎದುರಿಗೆ ನಿಂತ ಹುಡುಗನ ಸರ್ಟಿಫಿಕೇಟಿನಲ್ಲಿ ಏನಿದೆಯೆಂಬುದು ಗಲ್ಲಾದಲ್ಲಿ ಕೂತವರಿಗೆ ತಿಳಿದಿರುವುದಿಲ್ಲ.

‘ಸಪ್ಲೈಯರ್ ಇಂಥವರಾದರೆ ಗಿರಾಕಿಗಳು ಬರುವುದಿಲ್ಲ’ ಎಂಬುದು ನಮ್ಮವರ ದೊಡ್ಡ ಅಂಜಿಕೆ. 2024ರ ಜುಲೈಯಲ್ಲಿ ಉತ್ತರ ಪ್ರದೇಶದಲ್ಲಿ ಕಾವಡಿ ಯಾತ್ರೆಯ ದಾರಿಯ ಹೋಟೆಲುಗಳವರು ಮಾಲೀಕರ ಹೆಸರನ್ನು ಬೋರ್ಡಿನಲ್ಲಿ ಹಾಕಬೇಕೆಂದು ಪೊಲೀಸರು ಸೂಚಿಸಿದ್ದು, ಸುಪ್ರೀಂ ಕೋರ್ಟು 22ನೇ ತಾರೀಕು ಅದಕ್ಕೆ ಮಧ್ಯಂತರ ತಡೆ ಕೊಟ್ಟಿದ್ದು ಸದಸ್ಯರಿಗೆ ನೆನಪಿರಬಹುದು. ಯಾವ ಬಗೆಯ ಆಹಾರವೆಂದು ಬರೆಯಬೇಕೆನ್ನಬಹುದು, ಮಾಲೀಕರ, ಕೆಲಸಗಾರರ ಹೆಸರು ಬರೆಯಲು ಒತ್ತಾಯಿಸುವಂತಿಲ್ಲ ಎಂದಿತು ಕೋರ್ಟು. ಪೀಠದಲ್ಲಿದ್ದ ನ್ಯಾಯಮೂರ್ತಿ ಎಸ್.ವಿ.ಎನ್. ಭಟ್ಟಿ ಆಂಧ್ರದ ಮದನಪಲ್ಲಿಯವರು. ತಾವು ಕೇರಳದಲ್ಲಿದ್ದಾಗ ಹಿಂದೂಗಳ ಸಸ್ಯಾಹಾರಿ ಹೋಟೆಲು, ಮುಸ್ಲಿಮರ ಸಸ್ಯಾಹಾರಿ ಹೋಟೆಲು ಎರಡೂ ಇದ್ದವೆಂದೂ, ಶುಚಿತ್ವ ಚೆನ್ನಾಗಿತ್ತೆಂದು ತಾವು ಮುಸ್ಲಿಮರ ಹೋಟೆಲಿಗೇ ಹೋಗುತ್ತಿದ್ದುದಾಗಿಯೂ ವಿಚಾರಣೆಯ ವೇಳೆ ಹೇಳಿದರು. ಗಿರಾಕಿಗಳ ಮನಸ್ಸು ಹೀಗೂ ಇರುತ್ತದೆ. ಮಂಗಳಗಿರಿಯಲ್ಲಿ ಪಾನಕದ ನರಸಿಂಹ ಸ್ವಾಮಿಯ ದರ್ಶನಕ್ಕೆ ಬಂದವರೂ, ಏಮ್ಸ್ ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿ ಬಂದವರೂ ಅಕ್ಕಪಕ್ಕದ ಮೇಜಿನಲ್ಲೇ ಇಡ್ಲಿ ತಿನ್ನುತ್ತಾರೆ. ಸಾಂಬಾರು ಬಿಸಿ ಇದೆಯೇ ಎಂದು ಕೇಳುತ್ತಾರೆ. ತಂದವರ ಗೋತ್ರ ಕೇಳಿದ್ದನ್ನು ನಾವಂತೂ ಕಂಡಿಲ್ಲ.

ದೂರದ ಊರಿನ ಹುಡುಗರು

ಒಂದು ಕಾಲಕ್ಕೆ ಕುಂದಾಪುರ, ಉಡುಪಿ ಕಡೆಯಿಂದಲೇ ಹುಡುಗರು ಬರುತ್ತಿದ್ದರು. ಈಗ ಊರಿನಿಂದ ಮಾಣಿಗಳು ಸಿಗುವುದಿಲ್ಲ. ಒಡಿಶಾ, ಬಂಗಾಳ, ಅಸ್ಸಾಂ, ಮಣಿಪುರ, ನೇಪಾಳದವರೇ ನಮ್ಮ ಅಡಿಗೆಮನೆ ನಡೆಸುತ್ತಿದ್ದಾರೆ. ಮುಖಚಹರೆ ನೋಡಿ ಅಡ್ಡಹೆಸರಿಟ್ಟು ಕರೆಯುವುದು ತಮಾಷೆಯೆಂದು ನಮ್ಮವರು ತಿಳಿದಿದ್ದಾರೆ. 2012ರ ಆಗಸ್ಟಿನಲ್ಲಿ ಮೊಬೈಲಿನಲ್ಲಿ ಹರಡಿದ ವದಂತಿಗೆ ಹೆದರಿ ಸಾವಿರಾರು ಮಂದಿ ಈಶಾನ್ಯದವರು ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ದಿನವೂ ಅವಮಾನ ಪಡುವ ಜಾಗದಲ್ಲಿ ವದಂತಿಗೆ ಬೇಗ ಬೇರು ಬಿಡುತ್ತದೆಂದು ನಮಗೆ ತೋರುತ್ತದೆ. 2014ರಲ್ಲಿ ಬೆಜ್‌ಬರುವಾ ಸಮಿತಿ ಜನಾಂಗ ನಿಂದನೆಗೆ ಪ್ರತ್ಯೇಕ ಕಲಂ ಬೇಕೆಂದು ಶಿಫಾರಸು ಮಾಡಿತು. ಹಳೆಯ ದಂಡ ಸಂಹಿತೆಯಲ್ಲೂ ಬರಲಿಲ್ಲ, 2024ರ ಜುಲೈಯಿಂದ ಜಾರಿಯಾದ ಹೊಸ ಸಂಹಿತೆಯಲ್ಲೂ ಹಾಗೆ ಪ್ರತ್ಯೇಕವಾಗಿ ಇಲ್ಲ. ಆದರೂ ಈಶಾನ್ಯದವರಲ್ಲಿ ಅನೇಕರು ಪರಿಶಿಷ್ಟ ಪಂಗಡದವರು ಎಂಬುದು ತಿಳಿದಿರಲಿ.

ಹೊರದೇಶದಲ್ಲಿ ಶಾಖೆ ತೆರೆಯುವ ಸದಸ್ಯರಿಗೆ ಒಂದು ಮಾತು. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ 15 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆ, ಅದರಲ್ಲಿ ಜನಾಂಗ, ಧರ್ಮ ಎರಡೂ ಸೇರಿವೆ. ಇಂಗ್ಲೆಂಡಿನಲ್ಲಿ 2015ರಲ್ಲಿ ಭಾರತದಿಂದ ಕರೆತಂದ ಮನೆಕೆಲಸದ ಮಹಿಳೆಯೊಬ್ಬರಿಗೆ 1,80,000 ಪೌಂಡಿಗೂ ಹೆಚ್ಚು ಬಾಕಿ ಸಂಬಳ ಕೊಡಬೇಕೆಂದು ಕಾರ್ಮಿಕ ನ್ಯಾಯಮಂಡಳಿ ಆದೇಶಿಸಿದ ಪ್ರಕರಣದಲ್ಲಿ ಜಾತಿಯ ಪ್ರಶ್ನೆಯೂ ಇತ್ತು. ಇಲ್ಲಿನ ಅಭ್ಯಾಸ ಅಲ್ಲಿ ಬಹಳ ದುಬಾರಿಯಾಗುತ್ತದೆ.

ಏನು ಕೇಳಬಹುದು, ಏನು ಬಿಡಬೇಕು

ಕೆಲಸಕ್ಕೆ ಬಂದವರನ್ನು ಏನೂ ಕೇಳಬಾರದೆಂದು ಇದರ ಅರ್ಥವಲ್ಲ. ಉಡುಪಿ ಅಡಿಗೆ ಬರುತ್ತದೆಯೇ, ದೋಸೆ ಕಲ್ಲಿನ ಮೇಲೆ ಎಷ್ಟು ವರ್ಷ ನಿಂತಿದ್ದಾರೆ, ಈರುಳ್ಳಿ–ಬೆಳ್ಳುಳ್ಳಿ ಇಲ್ಲದ ಅಡಿಗೆ ಗೊತ್ತೇ, ಧಾರಾಳವಾಗಿ ಕೇಳಿ, ಮಾಡಿಸಿಯೂ ನೋಡಿ. ಆಹಾರ ಸುರಕ್ಷತೆಯ 2011ರ ನಿಯಮಾವಳಿಯ 4ನೇ ಅನುಸೂಚಿ ಪ್ರಕಾರ ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಕಡ್ಡಾಯ. ಉಗುರು, ಕೈ, ಗಾಯ, ಜ್ವರ ನೋಡುವುದು ಮಾಲೀಕರ ಹಕ್ಕಷ್ಟೇ ಅಲ್ಲ, ಕರ್ತವ್ಯ. ಹೋಟೆಲಿನ ಆವರಣದಲ್ಲಿ ಮಾಂಸ ತರಬಾರದು, ಸ್ನಾನ ಮಾಡಿಯೇ ಒಳಗೆ ಬರಬೇಕು ಎಂಬ ನಿಯಮವಿಡಿ, ಎಲ್ಲರಿಗೂ ಒಂದೇ ಇರಲಿ. ಮಡಿಯೆಂದರೆ ಶುಚಿ ಎಂದು ವಾದಿಸುವವರು ಶುಚಿಯನ್ನೇ ನೇರವಾಗಿ ಪರೀಕ್ಷಿಸಬಹುದಲ್ಲ! ‘ಉಡುಪಿ ಶೈಲಿಯ ಸಸ್ಯಾಹಾರಿ ಅಡಿಗೆ ಬಲ್ಲ ಅನುಭವಸ್ಥರು ಬೇಕಾಗಿದ್ದಾರೆ’ ಎಂದು ಬರೆಸಿದರೆ ಬೇಕಾದ ಭಟ್ಟರು ಸಿಗುತ್ತಾರೆ, ಕಾನೂನಿನ ತೊಡಕೂ ಇಲ್ಲ. ಮಠ, ದೇವಸ್ಥಾನಗಳ ನೈವೇದ್ಯದ ಪಾಕಶಾಲೆಯ ಸಂಪ್ರದಾಯ ಬೇರೆ. ಲೈಸೆನ್ಸು ಪಡೆದು ಸಾರ್ವಜನಿಕರಿಗೆ ತಿಂಡಿ ಮಾರುವ ನಾವು ಅದರ ಹೆಸರು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಕೆಲಸಗಾರರ ಊಟದ ಪಂಕ್ತಿ, ಮಲಗುವ ಕೋಣೆ, ಕುಡಿಯುವ ಲೋಟ ಒಂದೇ ಇರಲಿ. ಗುಡಿಸುವುದು, ಕಕ್ಕಸು ತೊಳೆಯುವುದು ಯಾವುದೋ ಒಂದು ಜಾತಿಯವರದೇ ಪಾಳಿ ಎಂಬಂತೆ ಆಗಬಾರದು. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಇಂಥ ಕೆಲಸಕ್ಕೆ ಬಲವಂತಪಡಿಸಿದರೆ 7ಎ ಕಲಂ ಪ್ರಕಾರ ಕನಿಷ್ಠ 3 ತಿಂಗಳ ಸೆರೆವಾಸ.

ಹೋಟೆಲಿನ ಹಿಂದಿನ ಸೆಪ್ಟಿಕ್ ಟ್ಯಾಂಕಿನ ವಿಷಯದಲ್ಲಿ ನಾವು ಖಂಡಿತವಾಗಿ ಹೇಳುತ್ತೇವೆ: ಯಾರನ್ನೂ, ಎಷ್ಟೇ ಕೂಲಿ ಕೊಟ್ಟರೂ, ಅವರೇ ಒಪ್ಪಿದರೂ, ಒಳಗೆ ಇಳಿಸಕೂಡದು. 2013ರ ಕಾಯ್ದೆಯ 7ನೇ ಕಲಂ ರಕ್ಷಣಾ ಸಾಧನಗಳಿಲ್ಲದ ಅಪಾಯಕಾರಿ ಶುಚೀಕರಣಕ್ಕೆ ಜನರನ್ನು ಹಚ್ಚುವುದನ್ನು ನಿಷೇಧಿಸಿದೆ. ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆವಾಸ, 2 ಲಕ್ಷದವರೆಗೆ ದಂಡ ಅಥವಾ ಎರಡೂ. ಹೀಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಲೇ ಇದೆ, ಇಳಿದವರು ಯಾವ ಜಾತಿಯವರೆಂದು ಬರೆಯುವ ಅಗತ್ಯವೂ ಬೀಳುವುದಿಲ್ಲ. ಸಕ್ಕಿಂಗ್ ಮಷಿನ್ ಲಾರಿಗೆ ಫೋನು ಮಾಡಿ, ರಸೀದಿ ತೆಗೆದುಕೊಂಡು ಫೈಲಿನಲ್ಲಿಡಿ.